ಖಾಲಾ ಕಟ್ಟಿದ ತುಪ್ಪದ ಡಬ್ಬಿ

ಮಾಕಳಿದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ನಮ್ಮ ಖಾಲಾರ ಮನೆ. ಅಂಗಳದಲ್ಲಿ ನಿಂತರೆ ಎದುರಿಗೆ ಬೆಟ್ಟ, ಅದರ ಮಗ್ಗುಲಲ್ಲಿ ಬಳಸಿಕೊಂಡು ಹೋಗುವ ರೈಲು ಹಳಿ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಹೋಗುವ ರೈಲಿನ ಸದ್ದು ಕೇಳಿಯೇ ಖಾಲಾ ಅಡುಗೆಮನೆಯಲ್ಲಿ ಹೊತ್ತನ್ನು ಲೆಕ್ಕ ಹಾಕುವುದು. 2008ರ ಮೇ 24ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಸದ್ದಿಗೆ ಆಕಾಶದ ಸದ್ದೂ ಸೇರಿಕೊಂಡಿತು. ಆದರೆ ತಲೆಯ ಮೇಲೆ ಹಾರುವ ವಿಮಾನದಲ್ಲಿ ತಾನೂ ಒಂದು ದಿನ ಕೂರುತ್ತೇನೆ ಎಂದು ಖಾಲಾ ಎಣಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಆ ದಿನ ಬಂತು. ದಮ್ಮಾಮ್‌ನಲ್ಲಿರುವ ಮಗಳಿಗೆ ಚೊಚ್ಚಲ ಹೆರಿಗೆ. ಅಳಿಯ ಟಿಕೆಟ್ ಕಳುಹಿಸಿದ್ದ. ಖಾಲಾ ಮತ್ತು ಖಾಲೂ ಇಬ್ಬರೂ ಮೂರು ತಿಂಗಳಿಗೆ ಹೊರಟರು. ಹೊರಡುವ ವಾರದ ಮೊದಲೇ ಮನೆ ತುಂಬ ಬಾಣಂತಿಯ ಸಾಮಾನು. ನಾದಿನಿಯ ಮನೆಯ ಹಸುವಿನ ಬೆಣ್ಣೆ ಕಾಯಿಸಿ ಮಾಡಿದ ಒಂದು ಕಿಲೋ ತುಪ್ಪ, ಅಂಟಿನ ಉಂಡೆ, ಮಗುವಿಗೆ ಹಚ್ಚಲು ಮನೆಯಲ್ಲೇ ಕಾಯಿಸಿದ ಕೊಬ್ಬರಿ ಎಣ್ಣೆ, ಜೇನುತುಪ್ಪ, ಮಾವಿನಕಾಯಿ ಉಪ್ಪಿನಕಾಯಿ, ಮೆಹಂದಿಯ ಕೋನ್ ಅರ್ಧ ಡಜನ್.

ಸಾಮಾನು ಕಟ್ಟಲು ನೆರವಾಗಲು ದೊಡ್ಡಬಳ್ಳಾಪುರದಿಂದ ನಾನು ಹೋಗಿದ್ದೆ. ಪಟ್ಟಣದವಳು, ಎರಡು ಸಲ ವಿಮಾನ ಹತ್ತಿದವಳು ಎಂಬ ಕಾರಣಕ್ಕೆ ಆ ಮನೆಯಲ್ಲಿ ಆ ದಿನ ನನ್ನ ಮಾತೇ ಅಂತಿಮ. ಎರಡೂ ಸೂಟ್‌ಕೇಸ್‌ಗಳನ್ನು ತೂಗಿ ನೋಡಿದಾಗ ಒಂದರಲ್ಲಿ ಎರಡು ಕಿಲೋ ಹೆಚ್ಚು. ನಾನು ಹೆಚ್ಚು ಯೋಚಿಸದೆ ತುಪ್ಪದ ಡಬ್ಬಿಯನ್ನೂ ಜೇನಿನ ಬಾಟಲಿಯನ್ನೂ ತೆಗೆದು ಖಾಲಾರ ಕೈಚೀಲಕ್ಕೆ ಹಾಕಿದೆ. "ಕೈಚೀಲಕ್ಕೆ ಏಳು ಕಿಲೋ ಬಿಡುತ್ತಾರೆ, ಖಾಲಾ. ಅದರಲ್ಲಿ ಇನ್ನೂ ಜಾಗ ಇದೆ" ಎಂದೆ.

ವಿಮಾನದಲ್ಲಿ ದ್ರವ ಪದಾರ್ಥಕ್ಕೆ ನೂರು ಮಿಲಿಲೀಟರಿನ ಮಿತಿ ಇದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದು ಷಾಂಪೂ, ಸೆಂಟು, ನೀರಿಗೆ ಎಂದುಕೊಂಡಿದ್ದೆ. ಡಬ್ಬಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತಿದ್ದ ತುಪ್ಪವೂ ದ್ರವವೆಂದು ಹೊಳೆಯಲೇ ಇಲ್ಲ.

ಮರುದಿನ ನಿಲ್ದಾಣದ ಬಾಗಿಲಲ್ಲಿ ಅವರನ್ನು ಬಿಟ್ಟು, ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲವಾದ್ದರಿಂದ ನಾವು ಹೊರಗೆ ನಿಂತಿದ್ದೆವು. ಸುಮಾರು ಒಂದೂವರೆ ಗಂಟೆಯ ನಂತರ ಖಾಲಾರ ಫೋನು. ದನಿ ನಡುಗುತ್ತಿತ್ತು.

"ಬೇಟಾ, ತುಪ್ಪ ಬಿಡುವುದಿಲ್ಲ ಅಂತಿದ್ದಾರೆ. ಇದು ನೀರಲ್ಲಮ್ಮಾ, ತಿರುಗಿಸಿ ಹಿಡಿದರೂ ಬೀಳುವುದಿಲ್ಲ ಅಂತ ಹೇಳಿದೆ. ಕೇಳುತ್ತಿಲ್ಲ. ನಾನು ಬುರ್ಖಾ ಹಾಕಿದ್ದೇನೆ ಅಂತಲೇ ಹೀಗೆ ಮಾಡ್ತಾರೇನೋ."

ತಪಾಸಣೆಯ ಸಿಬ್ಬಂದಿ ಅವರಿಗೆ ಎರಡು ದಾರಿ ತೋರಿಸಿದ್ದರಂತೆ. ಹಿಂದಕ್ಕೆ ಹೋಗಿ ಡಬ್ಬಿಯನ್ನು ದೊಡ್ಡ ಲಗೇಜಿಗೆ ಸೇರಿಸುವುದು, ಇಲ್ಲವೇ ಅಲ್ಲೇ ಬಿಟ್ಟು ಹೋಗುವುದು. ಸೂಟ್‌ಕೇಸ್‌ಗಳು ಆಗಲೇ ಬೆಲ್ಟಿನ ಮೇಲೆ ಹೋಗಿಯಾಗಿತ್ತು, ವಿಮಾನಕ್ಕೆ ಹೆಚ್ಚು ಸಮಯವೂ ಇರಲಿಲ್ಲ. ಬಿಟ್ಟು ಹೋದರು. ಆಮೇಲೆ ದಮ್ಮಾಮ್‌ನಿಂದ ಮಾತನಾಡುವಾಗ ಖಾಲಾ ಇನ್ನೊಂದು ಸಂಗತಿ ಹೇಳಿದರು. ಅವರ ಹಿಂದಿನ ಸಾಲಿನಲ್ಲಿದ್ದ, ಹಣೆಯಲ್ಲಿ ಕುಂಕುಮವಿದ್ದ ಒಬ್ಬ ಅಜ್ಜಿಯ ಉಪ್ಪಿನಕಾಯಿ ಭರಣಿಯನ್ನೂ ತೆಗೆದಿಟ್ಟರಂತೆ. ಸೂಟು ಹಾಕಿದ ಒಬ್ಬರ ದುಬಾರಿ ಸೆಂಟಿನ ಬಾಟಲಿಯೂ ಅದೇ ತೊಟ್ಟಿಗೆ ಬಿತ್ತಂತೆ. "ಅಜ್ಜಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ" ಎಂದರು ಖಾಲಾ.

ತುಪ್ಪ ಹೋದದ್ದು ನನ್ನಿಂದ. ಆ ಸಂಕೋಚದಿಂದಲೇ ಈ ನಿಯಮಗಳನ್ನು ಕೂತು ಓದಿದೆ. ನಮ್ಮ ಎಷ್ಟೋ ಮನೆಗಳಿಂದ ತಾಯಂದಿರು ಗಲ್ಫಿಗೆ, ಉಮ್ರಾಕ್ಕೆ, ಹಜ್ಜಿಗೆ ಮೊದಲ ಸಲ ವಿಮಾನ ಹತ್ತುತ್ತಿರುತ್ತಾರೆ. ಅವರ ಚೀಲ ಕಟ್ಟುವ ಸೊಸೆಯಂದಿರಿಗೆ, ಮಕ್ಕಳಿಗೆ ಇದು ಪ್ರಯೋಜನಕ್ಕೆ ಬಂದೀತು.

ನೂರು ಮಿಲಿಲೀಟರ್ ಎಲ್ಲಿಂದ ಬಂತು?

2006ರ ಆಗಸ್ಟ್ 10ರವರೆಗೆ ವಿಮಾನದೊಳಕ್ಕೆ ನೀರಿನ ಬಾಟಲಿ ಕೊಂಡೊಯ್ಯುವುದು ಯಾರಿಗೂ ವಿಶೇಷವೆನಿಸಿರಲಿಲ್ಲ. ಅಂದು ಬ್ರಿಟಿಷ್ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ಸ್ಫೋಟಕ ದ್ರವವನ್ನು ತುಂಬಿ, ಲಂಡನ್ನಿನಿಂದ ಅಮೆರಿಕ ಮತ್ತು ಕೆನಡಾಕ್ಕೆ ಹೋಗುವ ಹಲವು ವಿಮಾನಗಳನ್ನು ಆಕಾಶದಲ್ಲೇ ಉರುಳಿಸುವ ಯೋಜನೆ ಅದು. 2009ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯ ಈ ಸಂಚಿಗಾಗಿ ಮೂವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಕೆಲವರು ಮಾಡಹೊರಟ ಆ ಪಾತಕದ ಭಾರವನ್ನು ಜಗತ್ತಿನ ಎಲ್ಲ ತಾಯಂದಿರ ತುಪ್ಪದ ಡಬ್ಬಿಗಳೂ ಇಂದಿಗೂ ಹೊರುತ್ತಿವೆ.

ಸಂಚು ಬಯಲಾದ ಮೊದಲ ದಿನಗಳಲ್ಲಿ ಬ್ರಿಟನ್ನಿನಲ್ಲಿ ಕೈಚೀಲಕ್ಕೇ ಅವಕಾಶವಿರಲಿಲ್ಲ. ಪಾಸ್‌ಪೋರ್ಟು, ಹಣ, ಅಗತ್ಯದ ಔಷಧಿಯಂಥವನ್ನು ಮಾತ್ರ ಪಾರದರ್ಶಕ ಚೀಲದಲ್ಲಿ ಹಿಡಿದು ಹೋಗಬೇಕಾಗಿತ್ತು. ಹಾಲುಗೂಸನ್ನು ಎತ್ತಿಕೊಂಡು ಬಂದ ತಾಯಂದಿರು ಬಾಟಲಿಯ ಹಾಲನ್ನು ಸಿಬ್ಬಂದಿಯ ಎದುರಿಗೇ ರುಚಿ ನೋಡಿ ತೋರಿಸಬೇಕಾಗಿತ್ತು. ಹಲವು ವಾರಗಳ ನಂತರ ತಜ್ಞರು ಒಂದು ನಡುದಾರಿ ಹುಡುಕಿದರು. ಸಣ್ಣ ಸಣ್ಣ ಬಾಟಲಿಗಳಲ್ಲಿ, ಒಟ್ಟು ಒಂದು ಚಿಕ್ಕ ಚೀಲದಷ್ಟು ದ್ರವ ಇದ್ದರೆ ಅಪಾಯ ಕಡಿಮೆ ಎಂಬ ಲೆಕ್ಕಾಚಾರ ಅದು. ಅಮೆರಿಕ 2006ರ ಸೆಪ್ಟೆಂಬರ್ ಕೊನೆಯಲ್ಲಿ, ಯುರೋಪ್ ಒಕ್ಕೂಟ ಅದೇ ವರ್ಷದ ನವೆಂಬರ್ 6ರಂದು ಇದನ್ನು ಜಾರಿಗೊಳಿಸಿದವು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಎಲ್ಲ ದೇಶಗಳಿಗೂ ಅದನ್ನೇ ಶಿಫಾರಸು ಮಾಡಿತು. ಭಾರತದಿಂದ ಹೊರದೇಶಗಳಿಗೆ ಹೋಗುವ ವಿಮಾನಗಳಿಗೂ ಅದೇ ನಿಯಮ ಬಂತು.

ಅದಕ್ಕೂ ಮೊದಲು ದ್ರವದಿಂದ ಅನಾಹುತ ಆಗಿರಲಿಲ್ಲವೆಂದಲ್ಲ. 1994ರ ಡಿಸೆಂಬರಿನಲ್ಲಿ ಫಿಲಿಪೀನ್ಸ್‌ನ ಒಂದು ವಿಮಾನದಲ್ಲಿ, ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರವದ ಬಾಟಲಿಯಲ್ಲಿ ತಂದಿದ್ದ ಸ್ಫೋಟಕ ಸಿಡಿದು ಜಪಾನಿನ ಪ್ರಯಾಣಿಕನೊಬ್ಬ ಸತ್ತ. ಇನ್ನೊಂದು ಘಟನೆಯಂತೂ ನಮ್ಮಂಥ ಗಲ್ಫ್ ಕುಟುಂಬಗಳ ಎದೆ ನಡುಗಿಸುವಂಥದ್ದು. 1987ರ ನವೆಂಬರ್ 29ರಂದು ಬಾಗ್ದಾದಿನಿಂದ ಅಬುಧಾಬಿ ದಾರಿಯಾಗಿ ದಕ್ಷಿಣ ಕೊರಿಯಾದ ಸೋಲ್ ನಗರಕ್ಕೆ ಹೊರಟಿದ್ದ ಕೊರಿಯನ್ ಏರ್ ವಿಮಾನ ಅಂಡಮಾನ್ ಸಮುದ್ರದ ಮೇಲೆ ಸಿಡಿದು 115 ಜನ ಸತ್ತರು. ಅವರಲ್ಲಿ ಬಹುತೇಕರು ಅರಬ್ ದೇಶಗಳ ಕಟ್ಟಡ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಕಾರ್ಮಿಕರು. ಅಬುಧಾಬಿಯಲ್ಲಿ ಇಳಿದುಹೋದ ಇಬ್ಬರು, ತಲೆಯ ಮೇಲಿನ ಅರೆಯಲ್ಲಿ ಒಂದು ರೇಡಿಯೋ ಮತ್ತು ಮದ್ಯದ ಬಾಟಲಿಯ ರೂಪದಲ್ಲಿ ಸ್ಫೋಟಕವನ್ನು ಬಿಟ್ಟುಹೋಗಿದ್ದರು. ಆ ಕಾರ್ಮಿಕರ ಪೆಟ್ಟಿಗೆಗಳಲ್ಲೂ ಮಕ್ಕಳಿಗೆಂದು ಕೊಂಡ ಸಾಮಾನು ಇದ್ದಿರಬೇಕು. ಇದನ್ನು ಓದಿದ ಮೇಲೆ ತಪಾಸಣೆಯವರ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಹಳೆಯ ಎಕ್ಸ್‌ರೇ ಯಂತ್ರಕ್ಕೆ ಬಾಟಲಿಯ ಆಕಾರ ಕಾಣುತ್ತದೆ, ಒಳಗಿರುವುದು ನೀರೋ ವಿಷವೋ ಗೊತ್ತಾಗುವುದಿಲ್ಲ. ಈಗ ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನಂತೆ ಚೀಲವನ್ನು ಎಲ್ಲ ಕಡೆಯಿಂದ ನೋಡಿ ದ್ರವದ ಸಾಂದ್ರತೆಯನ್ನು ಅಳೆಯುವ ಯಂತ್ರಗಳು ಬರುತ್ತಿವೆ. ಬ್ರಿಟನ್ನಿನ ಎಡಿನ್‌ಬರೋ ನಿಲ್ದಾಣ 2025ರ ಜುಲೈಯಲ್ಲಿ ಈ ಯಂತ್ರಗಳ ಬಲದಿಂದ ನೂರು ಮಿ.ಲೀ. ಮಿತಿಯನ್ನು ಕೈಬಿಟ್ಟಿತು. ಆದರೆ ಒಂದು ನಿಲ್ದಾಣದಲ್ಲಿ ಬಿಟ್ಟರು ಎಂದು ಇನ್ನೊಂದರಲ್ಲಿ ಬಿಡುವುದಿಲ್ಲ. ಹೋಗುವಾಗ ಒಂದು, ಬರುವಾಗ ಇನ್ನೊಂದು ಆಗಬಹುದು. ಹಳೆಯ ಲೆಕ್ಕದಲ್ಲೇ ಚೀಲ ಕಟ್ಟಿದರೆ ಎಲ್ಲಿಯೂ ನಷ್ಟವಿಲ್ಲ.

ಚೀಲ ಕಟ್ಟುವಾಗ

ನಿಯಮ ಇಷ್ಟೇ. ವಿದೇಶಕ್ಕೆ ಹೋಗುವಾಗ ಕೈಚೀಲದಲ್ಲಿರುವ ದ್ರವ, ಜೆಲ್, ಕ್ರೀಮ್, ಪೇಸ್ಟ್, ಸ್ಪ್ರೇ ಪ್ರತಿಯೊಂದೂ ನೂರು ಮಿ.ಲೀ.ಗಿಂತ ದೊಡ್ಡದಲ್ಲದ ಪಾತ್ರೆಯಲ್ಲಿರಬೇಕು. ಆ ಪಾತ್ರೆಗಳೆಲ್ಲವೂ ಒಂದು ಲೀಟರ್ ಹಿಡಿಯುವ, ಮತ್ತೆ ಮತ್ತೆ ಮುಚ್ಚಬಹುದಾದ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಒಬ್ಬರಿಗೆ ಒಂದು ಚೀಲ. ಅಂಗಡಿಯಲ್ಲಿ ಸಿಗುವ ಜಿಪ್ ಲಾಕ್ ಕವರ್ ಸಾಕು, ಸುಮಾರು ಒಂದು ಗೇಣು ಉದ್ದ, ಒಂದು ಗೇಣು ಅಗಲದ್ದು. ತಪಾಸಣೆಯ ಟ್ರೇಯಲ್ಲಿ ಅದನ್ನು ಹೊರಗೆ ತೆಗೆದಿಡಲು ಹೇಳಿದರೆ ಇಡಲು ಅನುಕೂಲವಾಗುವಂತೆ ಚೀಲದ ಮೇಲ್ಗಡೆಯೇ ಇರಲಿ.

ಹೆಚ್ಚಿನವರು ಎಡವುವುದು ಎರಡು ಕಡೆ. ಮೊದಲನೆಯದು, ಲೆಕ್ಕ ಪಾತ್ರೆಯದ್ದೇ ಹೊರತು ಒಳಗಿರುವ ಪದಾರ್ಥದ್ದಲ್ಲ. ಇನ್ನೂರು ಮಿ.ಲೀ. ಬಾಟಲಿಯ ತಳದಲ್ಲಿ ಎರಡು ಚಮಚ ಎಣ್ಣೆ ಉಳಿದಿದ್ದರೂ ಅದು ಇನ್ನೂರರ ಬಾಟಲಿಯೇ. ಅರ್ಧ ಖಾಲಿಯಾದ, ಸುರುಳಿ ಸುತ್ತಿದ ದೊಡ್ಡ ಟೂತ್‌ಪೇಸ್ಟ್ ಕೂಡ ಹಾಗೆಯೇ. ಎರಡನೆಯದು ನಾನು ಎಡವಿದ ಜಾಗ, ದ್ರವ ಎಂದರೆ ಯಾವುದು ಎಂಬುದು. ಸುರಿಯಲು, ಹಿಂಡಲು, ಬಳಿಯಲು ಅಥವಾ ರೊಟ್ಟಿಯ ಮೇಲೆ ಸವರಲು ಬರುವುದೆಲ್ಲ ದ್ರವದ ಸಾಲಿಗೇ ಸೇರಿದ್ದು ಎಂದು ನೆನಪಿಟ್ಟುಕೊಂಡರೆ ಸಾಕು. ತುಪ್ಪ, ಜೇನು, ಬೆಣ್ಣೆ, ಮೊಸರು, ಚಟ್ನಿ, ಉಪ್ಪಿನಕಾಯಿ, ಜಾಮ್, ಮೆಹಂದಿ ಕೋನ್, ಮುಖದ ಕ್ರೀಮ್, ನೋವಿನ ಮುಲಾಮು ಎಲ್ಲವೂ. ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಅಲುಗಾಡದಿದ್ದರೂ ಎಣ್ಣೆಯೇ.

ಗಟ್ಟಿ ಪದಾರ್ಥಗಳಿಗೆ ಈ ಕಾಟವಿಲ್ಲ. ಸ್ನಾನದ ಸಾಬೂನಿನ ಬಿಲ್ಲೆ, ಹಲ್ಲುಪುಡಿ, ಪುಡಿ ರೂಪದ ಸುರ್ಮಾ ಇವೆಲ್ಲ ಸಲೀಸು. ಮಿಸ್ವಾಕನ್ನು ಯಾವ ಯಂತ್ರವೂ ತಡೆಯುವುದಿಲ್ಲ. ಒಂದು ಕಡ್ಡಿ ಜೇಬಿನಲ್ಲಿದ್ದರೆ ಟೂತ್‌ಪೇಸ್ಟಿನ ಚಿಂತೆಯೇ ಬೇಡ. ಷಾಂಪೂಗೆ ಸೀಗೆಪುಡಿ ಒಯ್ಯುವುದೂ ಒಳ್ಳೆಯದೇ, ಆದರೆ ಪುಡಿ ಹೆಚ್ಚಾದರೆ ಅದೂ ಪ್ರಶ್ನೆಗೆ ಒಳಗಾಗುತ್ತದೆ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ 350 ಮಿ.ಲೀ.ಗಿಂತ ಹೆಚ್ಚಿನ ಪುಡಿಗೂ ಪ್ರತ್ಯೇಕ ತಪಾಸಣೆ ಇದೆ. ಹಿಟ್ಟು, ಸಾರಿನ ಪುಡಿಗಳನ್ನೆಲ್ಲ ದೊಡ್ಡ ಲಗೇಜಿಗೆ ಹಾಕುವುದೇ ಮೇಲು.

ದೇಶದೊಳಗೆ, ಅಂದರೆ ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಹೋಗುವಾಗ ಕುಡಿಯುವ ನೀರಿನ ವಿಷಯದಲ್ಲಿ ಇಷ್ಟು ಬಿಗಿಯಿಲ್ಲ. ಆ ಅನುಭವವನ್ನು ನಂಬಿ ವಿದೇಶಕ್ಕೆ ಹೋಗುವಾಗಲೂ ತುಂಬಿದ ಬಾಟಲಿ ಹಿಡಿದು ಹೋದರೆ ನೀರನ್ನು ಚೆಲ್ಲಬೇಕಾಗುತ್ತದೆ. ಬಾಟಲಿ ಖಾಲಿ ಇದ್ದರೆ ಯಾರ ತಕರಾರೂ ಇಲ್ಲ. ತಪಾಸಣೆ ಮುಗಿದ ಮೇಲೆ ಒಳಗಿನ ನಲ್ಲಿಯಲ್ಲಿ ತುಂಬಿಕೊಳ್ಳಬಹುದು.

ಈ ಖಾಲಿ ಬಾಟಲಿಯ ಇನ್ನೊಂದು ಉಪಯೋಗವನ್ನು ನಮ್ಮ ಮನೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಮಾನದ ಶೌಚಾಲಯದಲ್ಲಿ ಕಾಗದವಿರುತ್ತದೆ, ಚೊಂಬಿರುವುದಿಲ್ಲ. ಮೆದು ಪ್ಲಾಸ್ಟಿಕ್ಕಿನ ಒಂದು ಖಾಲಿ ಬಾಟಲಿ ಚೀಲದಲ್ಲಿದ್ದರೆ ಒಳಗಿನ ಬೇಸಿನ್ನಿನಲ್ಲಿ ನೀರು ಹಿಡಿದುಕೊಳ್ಳಬಹುದು. ವುಝೂಗಾಗಿ ಕೆಲವರು ನೂರು ಮಿ.ಲೀ.ನ ಸ್ಪ್ರೇ ಬಾಟಲಿಯನ್ನೂ ಇಟ್ಟುಕೊಳ್ಳುತ್ತಾರೆ. ನೆಲವೆಲ್ಲ ಒದ್ದೆ ಮಾಡದೆ, ಮುಂದಿನವರಿಗೆ ತೊಂದರೆ ಕೊಡದೆ ಕೆಲಸ ಮುಗಿಯುತ್ತದೆ.

ಬಾಟಲಿ ಸೋರುವುದೇಕೆ?

ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟು. ಅಂದರೆ ನಂದಿ ಬೆಟ್ಟಕ್ಕಿಂತ ಮೇಲೆ, ಹೆಚ್ಚುಕಡಿಮೆ ಊಟಿಯ ಎತ್ತರ. ಅರ್ಧ ತುಂಬಿದ ಬಾಟಲಿಯ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಗಾಳಿ ಅಲ್ಲಿ ಹಿಗ್ಗುತ್ತದೆ, ಎಣ್ಣೆಯನ್ನು ಮುಚ್ಚಳದ ಸಂದಿನಿಂದ ಹೊರಕ್ಕೆ ತಳ್ಳುತ್ತದೆ. ಹಿಂಡಲು ಬರುವ ಬಾಟಲಿಯಾದರೆ ಮುಚ್ಚಳ ಬಿಗಿಯುವ ಮೊದಲು ಸ್ವಲ್ಪ ಹಿಂಡಿ ಗಾಳಿಯನ್ನು ಹೊರದೂಡಿ. ಬಾಯಿಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ. ಇಷ್ಟು ಮಾಡಿದರೆ ಇಹ್ರಾಮಿನ ಬಿಳಿ ಬಟ್ಟೆಗೆ ಎಣ್ಣೆ ಕಲೆ ಆಗುವುದು ತಪ್ಪುತ್ತದೆ.

ದೊಡ್ಡ ಲಗೇಜಿಗೆ ಹೋಗುವ ತುಪ್ಪವನ್ನು ಗಾಜಿನ ಬದಲು ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಅಥವಾ ಸ್ಟೀಲ್ ಡಬ್ಬಿಗೆ ಹಾಕಿ, ಎರಡು ಕವರುಗಳಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಡಿ. ತುಪ್ಪ, ಎಣ್ಣೆಗಳಿಗೆ ವಿಮಾನ ಸಂಸ್ಥೆಗಳದ್ದು ಒಂದೊಂದು ಕಟ್ಟಲೆ ಇರುವುದರಿಂದ ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಸೆಂಟು, ಕೂದಲಿನ ಸ್ಪ್ರೇಯಂಥವು ದೊಡ್ಡ ಲಗೇಜಿನಲ್ಲೂ ಲೆಕ್ಕವಿಲ್ಲದಷ್ಟು ಹೋಗುವಂತಿಲ್ಲ. ಒಂದೊಂದು ಅರ್ಧ ಲೀಟರ್, ಒಟ್ಟು ಎರಡು ಲೀಟರ್ ಎಂಬುದು ಅಂತಾರಾಷ್ಟ್ರೀಯ ಮಿತಿ. ಬೆಂಕಿಪೊಟ್ಟಣ, ಲೈಟರುಗಳಿಗೆ ನಮ್ಮಲ್ಲಿ ಎಲ್ಲಿಯೂ ಜಾಗವಿಲ್ಲ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತಿರುಗುಮುರುಗು, ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಲಗೇಜಿಗೆ ಹಾಕುವಂತಿಲ್ಲ.

ತಿಪಟೂರಿನ ಕೊಬ್ಬರಿ ಗಿಟಕು ತುಂಬಿಕೊಂಡು ಹೋಗುವವರಿಗೆ ಒಂದು ಮಾತು. ಒಣಕೊಬ್ಬರಿ ಎಣ್ಣೆಯ ಅಂಶದಿಂದಾಗಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಪದಾರ್ಥಗಳ ಪಟ್ಟಿಯಲ್ಲಿದೆ. ಸೂಟ್‌ಕೇಸ್ ತೆರೆಸಿ ಅದನ್ನು ತೆಗೆಸುತ್ತಾರೆ.

ತುಪ್ಪಕ್ಕಿಂತ ದೊಡ್ಡ ಗಂಡಾಂತರ

ತುಪ್ಪ ಹೋದರೆ ಒಂದು ಡಬ್ಬಿ ಹೋಯಿತು ಅಷ್ಟೇ. ಆ ದಿನ ನಾವು ಅದಕ್ಕಿಂತ ದೊಡ್ಡ ಎರಡು ತೊಂದರೆಗಳಿಂದ ಸ್ವಲ್ಪದರಲ್ಲಿ ಪಾರಾದೆವು.

ಒಂದು, ಅಂಟಿನ ಉಂಡೆ. ಖಾಲಾ ಮಾಡುವ ಅಂಟಿನ ಉಂಡೆಗೆ ಗಸಗಸೆ ಬೀಳಲೇಬೇಕು. ಉಂಡೆ ಗಟ್ಟಿ ಪದಾರ್ಥ, ಯಂತ್ರದಲ್ಲಿ ಸಲೀಸಾಗಿ ದಾಟುತ್ತದೆ. ಅಪಾಯ ಇರುವುದು ಆಚೆ ದಡದಲ್ಲಿ. ಗಸಗಸೆ ಅಫೀಮಿನ ಗಿಡದ ಬೀಜ. ಸೌದಿ ಅರೇಬಿಯಾ, ಯುಎಇ ಮುಂತಾದ ಗಲ್ಫ್ ದೇಶಗಳಲ್ಲಿ ಅದು ಮಾದಕ ವಸ್ತುವಿನ ಕಾನೂನಿನಡಿ ನಿಷಿದ್ಧ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಸದ್ದಿಲ್ಲದೆ ಕೂತಿರುವ ಆ ಕಾಳಿಗಾಗಿ ಅಲ್ಲಿ ಜೈಲು ಸೇರಿದ ಭಾರತೀಯರಿದ್ದಾರೆ. "ಗೊತ್ತಿರಲಿಲ್ಲ" ಎಂಬ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ. ಇದು ಗೊತ್ತಿದ್ದದ್ದು ಖಾಲಾರ ಅಳಿಯನಿಗೆ. ಹದಿನೈದು ದಿನ ಮೊದಲೇ ಫೋನು ಮಾಡಿ, "ಅಮ್ಮೀ, ಉಂಡೆಗೆ ಗಸಗಸೆ ಹಾಕಬೇಡಿ, ಮಸಾಲೆ ಪುಡಿಗೂ ಹಾಕಬೇಡಿ" ಎಂದು ಮೂರು ಸಲ ಹೇಳಿದ್ದ. ಗಸಗಸೆ ಇಲ್ಲದ ಉಂಡೆಯೂ ಉಂಡೆಯೇ ಎಂದು ಖಾಲಾ ಗೊಣಗುತ್ತಾ ಕಟ್ಟಿದ್ದರು. ಉಮ್ರಾಕ್ಕೆ ಹೋಗುವ ಗುಂಪಿನವರು ಅಡುಗೆಗೆಂದು ಕಟ್ಟಿಕೊಳ್ಳುವ ಮನೆಯ ಗರಂ ಮಸಾಲೆಯಲ್ಲಿಯೂ ಇದನ್ನು ನೋಡಿಕೊಳ್ಳಬೇಕು. ಕೆಮ್ಮಿನ ಸಿರಪ್ಪಿನ ವಿಷಯವೂ ಹೀಗೆಯೇ. ಕೊಡೀನ್ ಇರುವ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು ಗಲ್ಫ್ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ. ವೈದ್ಯರಿಗೆ ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಹೇಳಿ, ಬೇರೆ ಔಷಧಿ ಬರೆಸಿಕೊಳ್ಳಲು ಸಾಧ್ಯವೇ ಕೇಳಿ.

ಎರಡನೆಯದು ಖಾಲೂರ ಇನ್ಸುಲಿನ್. ನಿಲ್ದಾಣದ ಬಾಗಿಲಲ್ಲಿ ಟ್ರಾಲಿಗೆ ಸಾಮಾನು ಏರಿಸುವಾಗ ಖಾಲೂ ಸಹಜವಾಗಿ ಕೇಳಿದರು, "ರಾತ್ರಿಯ ಸೂಜಿ ವಿಮಾನದಲ್ಲೇ ಹಾಕಿಕೊಳ್ಳಬೇಕಾಗುತ್ತದೆ. ಔಷಧಿ ಯಾವ ಚೀಲದಲ್ಲಿದೆ?"

ಸೂಜಿಯನ್ನು ಒಳಗೆ ಬಿಡುವುದಿಲ್ಲವೆಂದು ಹೆದರಿದ ಖಾಲಾ ಅಷ್ಟನ್ನೂ ದೊಡ್ಡ ಸೂಟ್‌ಕೇಸಿನ ತಳಕ್ಕೆ ಹಾಕಿದ್ದರು!

ಅಲ್ಲೇ, ಜನ ಓಡಾಡುವ ಜಾಗದಲ್ಲಿ, ಹಗ್ಗ ಬಿಚ್ಚಿ ಸೂಟ್‌ಕೇಸ್ ತೆರೆದೆವು. ಸೀರೆ, ಸಲ್ವಾರು, ಮಗುವಿನ ಕುಲಾವಿ, ಸ್ವೆಟರುಗಳೆಲ್ಲ ನೆಲಕ್ಕೆ ಬಂದವು. ಖಾಲಾ ಮುಖ ಮುಚ್ಚಿಕೊಂಡು ಪಕ್ಕಕ್ಕೆ ತಿರುಗಿದರು. ಆದರೆ ಔಷಧಿ ಕೈಗೆ ಬಂತು. ಬಾರದಿದ್ದರೆ? ದಾರಿಯಲ್ಲಿ ಇನ್ನೊಂದು ವಿಮಾನ ಬದಲಿಸಬೇಕಾಗಿದ್ದ ಪ್ರಯಾಣ ಅದು. ಸೂಟ್‌ಕೇಸ್ ಮತ್ತೆ ಕಣ್ಣಿಗೆ ಬೀಳುವುದು ದಮ್ಮಾಮ್‌ನಲ್ಲೇ. ಒಂದು ವೇಳೆ ಅದು ಬೇರೆ ಊರಿಗೆ ಹೋಗಿಬಿಟ್ಟರೆ ಔಷಧಿಯೂ ಅದರ ಜೊತೆಗೇ. ಸಾಮಾನಿನ ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಅದರ ಶಕ್ತಿ ಕೆಡುತ್ತದೆ, ಕರಗಿದ ಮೇಲೂ ಬಳಸುವಂತಿಲ್ಲ. ನೋಡಲು ಮಾತ್ರ ನೀರಿನಂತೆಯೇ ಇರಬಹುದು.

ಅಗತ್ಯದ ಔಷಧಿಗೆ ನೂರು ಮಿ.ಲೀ. ಮಿತಿಯಿಂದ ವಿನಾಯಿತಿ ಇದೆ. ಪ್ರಯಾಣಕ್ಕೆ ಬೇಕಾದಷ್ಟು ಇನ್ಸುಲಿನ್, ಸಿರಪ್, ಕಣ್ಣಿನ ಹನಿ ಇವನ್ನೆಲ್ಲ ಕೈಚೀಲದಲ್ಲೇ ಒಯ್ಯಬಹುದು. ವೈದ್ಯರ ಚೀಟಿ ಜೊತೆಗಿರಬೇಕು. ಚೀಟಿಯಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿನಂತೆಯೇ ಇದ್ದರೆ ಇನ್ನೂ ಒಳ್ಳೆಯದು. ಸೂಜಿಗೂ ಅದೇ ಚೀಟಿ ರಕ್ಷೆ. ತಪಾಸಣೆಯಲ್ಲಿ ಕೇಳುವ ಮೊದಲೇ ತೆಗೆದು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಬಳಕೆಗೆ ತೆರೆದ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಕೋಣೆಯ ಉಷ್ಣತೆಯಲ್ಲಿ ಕೆಡುವುದಿಲ್ಲವಾದ್ದರಿಂದ ಕೆಲವು ಗಂಟೆಗಳ ಪ್ರಯಾಣಕ್ಕೆ ಮಂಜುಗಡ್ಡೆಯ ಗಡಿಬಿಡಿ ಬೇಡ. ಹಾಲುಗೂಸಿನ ಹಾಲು, ಅನ್ನದ ಗಂಜಿಗೂ ದಾರಿಗೆ ಬೇಕಾದಷ್ಟಕ್ಕೆ ವಿನಾಯಿತಿ ಇದೆ. ಆದರೆ ಮಗು ಜೊತೆಯಲ್ಲಿರಬೇಕು.

ಹೆಂಗಸರನ್ನು ತಪಾಸಣೆ ಮಾಡುವವರು ಹೆಂಗಸರೇ, ಅದೂ ಪರದೆಯ ಮರೆಯಲ್ಲಿ. ನಖಾಬ್ ಸರಿಸಿ ಮುಖ ತೋರಿಸಬೇಕಾದಾಗಲೂ ಮಹಿಳಾ ಸಿಬ್ಬಂದಿಯನ್ನು ಕರೆಯಿರಿ ಎಂದು ಕೇಳಲು ಹಿಂಜರಿಯಬೇಕಿಲ್ಲ. ಸ್ಕಾರ್ಫಿಗೆ ಚುಚ್ಚಿದ ಪಿನ್ನುಗಳು ಯಂತ್ರವನ್ನು ಕೂಗಿಸುತ್ತವೆ. ಅಂದು ಎರಡೇ ಪಿನ್ನು ಸಾಕು.

ಝಮ್‌ಝಮ್ ಮತ್ತು ಅತ್ತರ್

ಹಜ್, ಉಮ್ರಾ ಯಾತ್ರಿಕರ ಮಾತು ಬಂದಾಗ ದ್ರವದ ಲೆಕ್ಕ ಎಂದರೆ ಮೊದಲು ಝಮ್‌ಝಮ್. ಒಬ್ಬರಿಗೆ ಐದು ಲೀಟರ್ ಎಂಬುದು ರೂಢಿಯ ಅಳತೆ. ಹಜ್ ಸಮಿತಿಯ ಮೂಲಕ ಹೋದವರಿಗೆ ಮರಳಿ ಬಂದ ನಿಲ್ದಾಣದಲ್ಲಿಯೇ ಐದು ಲೀಟರಿನ ಕ್ಯಾನ್ ಕೈಗೆ ಸಿಗುತ್ತದೆ, ಹೊತ್ತು ತರುವ ಚಿಂತೆಯಿಲ್ಲ. ಉಮ್ರಾಕ್ಕೆ ಹೋದವರು ಜಿದ್ದಾ ನಿಲ್ದಾಣದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿದ ಕ್ಯಾನನ್ನು ಕೊಂಡು ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಕೊಡಬೇಕು. ಹೋಟೆಲಿನಲ್ಲಿ ಸಣ್ಣ ಬಾಟಲಿಗಳಲ್ಲಿ ತುಂಬಿ ಸೂಟ್‌ಕೇಸಿನ ಬಟ್ಟೆಗಳ ನಡುವೆ ಬಚ್ಚಿಟ್ಟು ತರುವ ಅಭ್ಯಾಸ ಕೆಲವರಲ್ಲಿದೆ. ಎಕ್ಸ್‌ರೇಯಲ್ಲಿ ಅದು ಎದ್ದು ಕಾಣುತ್ತದೆ, ಸೂಟ್‌ಕೇಸ್ ತೆರೆದು ಹೊರಗಿಡುತ್ತಾರೆ. ಪವಿತ್ರ ನೀರು ಕಸದ ತೊಟ್ಟಿಯ ಪಕ್ಕದಲ್ಲಿ ಸಾಲಾಗಿ ನಿಲ್ಲುವುದನ್ನು ನೋಡಿ ಅತ್ತವರಿದ್ದಾರೆ. 2019ರ ಜುಲೈಯಲ್ಲಿ ಏರ್ ಇಂಡಿಯಾ ಜಿದ್ದಾದಿಂದ ಬರುವ ಕೆಲವು ವಿಮಾನಗಳಲ್ಲಿ ಝಮ್‌ಝಮ್ ಕ್ಯಾನ್‌ಗೆ ಅವಕಾಶವಿಲ್ಲವೆಂದು ಪ್ರಕಟಿಸಿ, ಯಾತ್ರಿಕರಲ್ಲಿ ಕಳವಳವೆದ್ದ ಮೇಲೆ ಕ್ಷಮೆ ಕೇಳಿ ಹಿಂದೆಗೆದುಕೊಂಡದ್ದು ಹಲವರಿಗೆ ನೆನಪಿರಬಹುದು. ಹೊರಡುವ ಮೊದಲೇ ಟಿಕೆಟಿನ ಜೊತೆಗೆ ಝಮ್‌ಝಮ್ ವಿಷಯವನ್ನೂ ವಿಚಾರಿಸಿಕೊಳ್ಳಿ.

ಅತ್ತರ್ ಪ್ರಿಯರಿಗೆ ಭಯವಿಲ್ಲ. ಮೂರು, ಆರು, ಹನ್ನೆರಡು ಮಿ.ಲೀ.ನ ಶೀಷೆಗಳು ಹತ್ತಿದ್ದರೂ ಜಿಪ್ ಕವರಿನ ಒಂದು ಮೂಲೆ ತುಂಬುವುದಿಲ್ಲ. ಆದರೆ ಇಹ್ರಾಮ್ ಕಟ್ಟಿ ಹೊರಟವರು ಅದನ್ನು ಮುಟ್ಟುವಂತಿಲ್ಲ. ಅಂಥವರ ಜಿಪ್ ಕವರೇ ಬೇರೆ. ಪರಿಮಳವಿಲ್ಲದ ಸಾಬೂನು, ಪರಿಮಳವಿಲ್ಲದ ವ್ಯಾಸಲೀನು ಅದರಲ್ಲಿರಲಿ. ವಿಮಾನದಲ್ಲಿ ಗಗನಸಖಿ ನಗುತ್ತಾ ಕೊಡುವ ಒದ್ದೆ ಕಾಗದದ ಕರವಸ್ತ್ರ ಬಹುಮಟ್ಟಿಗೆ ಸುವಾಸನೆಯದ್ದೇ. ಬೇಡವೆನ್ನುವುದು ಸುರಕ್ಷಿತ.

ನಡುದಾರಿಯಲ್ಲಿ ವಿಮಾನ ಬದಲಿಸುವವರು ಸುಂಕವಿಲ್ಲದ ಅಂಗಡಿಯಲ್ಲಿ ಸೆಂಟು ಕೊಂಡರೆ, ಅಂಗಡಿಯವರು ಮೊಹರು ಮಾಡಿಕೊಡುವ ಚೀಲವನ್ನು ಕೊನೆಯ ನಿಲ್ದಾಣ ತಲುಪುವವರೆಗೆ ಬಿಚ್ಚಬಾರದು. ರಸೀದಿ ಒಳಗೆ ಕಾಣುವಂತಿರಬೇಕು. ಕುತೂಹಲಕ್ಕೆ ಬಿಚ್ಚಿ ಮೂಸಿ ನೋಡಿದರೆ ಮುಂದಿನ ತಪಾಸಣೆಯಲ್ಲಿ ಅದಕ್ಕೂ ತುಪ್ಪದ ಗತಿಯೇ.

ಖಾಲಾ ದಮ್ಮಾಮ್ ತಲುಪಿದ ಹನ್ನೊಂದನೇ ದಿನ ಮೊಮ್ಮಗಳು ಹುಟ್ಟಿದಳು. ಅಳಿಯ ಅಲ್ಲಿಯ ಅಂಗಡಿಯಿಂದ ಬೆಣ್ಣೆ ತಂದುಕೊಟ್ಟ, ಖಾಲಾ ಅದನ್ನೇ ಕಾಯಿಸಿ ತುಪ್ಪ ಮಾಡಿದರು. "ಬಣ್ಣ ಬಂತು, ವಾಸನೆ ಬರಲಿಲ್ಲ" ಎಂಬುದು ಅವರ ತೀರ್ಪು. ಮರಳಿ ಬರುವ ವಾರ ನಡುರಾತ್ರಿಯಲ್ಲಿ ಫೋನು ಬಂತು. ಗಾಬರಿಯಿಂದ ಎತ್ತಿದೆ.

"ಬೇಟಾ, ನಿನಗೆ ಅಂತ ಝೈತೂನ್ ಎಣ್ಣೆ ತೆಗೆದಿಟ್ಟಿದ್ದೇನೆ. ಬಾಟಲಿಯ ಮೇಲೆ ಐನೂರು ಅಂತ ಬರೆದಿದೆ. ಕೈಚೀಲಕ್ಕೆ ಹಾಕುವುದಿಲ್ಲಮ್ಮಾ, ಗೊತ್ತು ನನಗೆ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಒಂದು ಸಾಕಾ, ಎರಡು ಇಡಬೇಕಾ?"